ಗಾಡಿ ಟೀಚರ್ ಕಟ್ಟಿಹಾಕಿದ ಬ್ರೇಕು

ಬೈಕನ್ನು ಮುಖ್ಯವಾಗಿ ನಿಲ್ಲಿಸುವುದು ಮುಂದಿನ ಬ್ರೇಕು. ಹಿಂದಿನದು ಅದಕ್ಕೆ ಕೈಜೋಡಿಸುತ್ತದೆ, ಅಷ್ಟೇ. ಇದೇನು ಗುಟ್ಟಿನ ವಿದ್ಯೆಯಲ್ಲ. ಗಾಡಿ ಕೊಂಡಾಗ ಜೊತೆಗೆ ಕೊಡುವ ಪುಸ್ತಕದಲ್ಲೇ ಅಚ್ಚಾಗಿರುತ್ತದೆ. ಆ ಪುಸ್ತಕ ನಿಮ್ಮ ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರು ಸಮೇತ ಹಾಯಾಗಿ ಮಲಗಿದೆ. ನೀವು ಅದನ್ನು ತೆರೆದಿಲ್ಲ. ಯಾಕೆಂದರೆ ನಿಮಗೆ ಗಾಡಿ ಕಲಿಸಿದ ಸೋದರಮಾವನೋ ಅಣ್ಣನೋ ಪಕ್ಕದ ಮನೆಯ ಯಜಮಾನರೋ ಮೊದಲ ದಿನವೇ ಹೇಳಿಬಿಟ್ಟಿದ್ದರು: "ಮುಂದಿನ ಬ್ರೇಕ್ ಮಾತ್ರ ಮುಟ್ಟಬೇಡ. ಪಲ್ಟಿ ಹೊಡೀತೀಯ." ಅವರಿಗೆ ಹಾಗೆ ಹೇಳಿದವರು ಇನ್ಯಾರೋ. ಒಂದು ಕುರಿ ಹಳ್ಳಕ್ಕೆ ಬಿದ್ದರೆ ಸಾಲಿಗೆ ಸಾಲೇ ಬೀಳುತ್ತದಲ್ಲ, ಹಾಗೆ. ಕುರಿಗಾದರೂ ಓದಲು ಬರುವುದಿಲ್ಲ, ನಮಗೆ ಬರುತ್ತದೆ.

ಈ ಮಾತನ್ನು ನಂಬಿದ್ದಷ್ಟೇ ಸಾಲದೆ, ಬ್ರೇಕಿಗೆ ಬಟ್ಟೆ ಬಿಗಿದು ಕಟ್ಟಿ ಊರಿನ ಹೆಂಗಸರಿಗೆಲ್ಲ ಕಲಿಸಿದ ಒಬ್ಬರ ಕಥೆ ಇದು. ಅವರು ಕೆಟ್ಟವರಾಗಿದ್ದರೆ ಬರೆಯುವುದು ಸುಲಭವಿತ್ತು. ಬೈದು ಮುಗಿಸಬಹುದಿತ್ತು.

ಬೀದಿಯವರು ಅವರನ್ನು ಗಾಡಿ ಟೀಚರ್ ಎನ್ನುತ್ತಾರೆ. ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವವರು. ಮದುವೆಯಾದ ಹೊಸದರಲ್ಲಿ ಬೈಕಿನ ಹಿಂದೆ ಏಣಿ, ಎರಡು ಪಕ್ಕಕ್ಕೂ ಬಣ್ಣದ ಡಬ್ಬ ನೇತುಹಾಕಿಕೊಂಡು ಟೀಚರೇ ಗಾಡಿ ಓಡಿಸುತ್ತಿದ್ದರು. ಗಂಡ ಹಿಂದೆ ಕೂತು ಕುಂಚ ಹಿಡಿದಿರುತ್ತಿದ್ದರು. ಯಾಕೆಂದರೆ ಯಜಮಾನರಿಗೆ ಟ್ರಾಫಿಕ್ ಕಂಡರೆ ಕೈಕಾಲು ನಡುಗುತ್ತಿತ್ತು. ಅಕ್ಷರ ಬರೆಯುವಾಗ ಮಾತ್ರ ನಡುಗದ ಕೈ ಅದು. ಇದನ್ನು ನೋಡಿದ ಹೆಂಗಸರು ಒಬ್ಬೊಬ್ಬರೇ ಕೇಳತೊಡಗಿದರು: "ನಮಗೂ ಕಲಿಸ್ತೀರಾ?" ಹಾಗೆ ಶುರುವಾಯಿತು ಶಾಲೆ. ಮುಚ್ಚಿಹೋದ ಹೆಂಚಿನ ಗೋದಾಮಿನ ಹಿಂದಿನ ಸಿಮೆಂಟ್ ಅಂಗಳವೇ ತರಗತಿ. ಒಂದು ಹಳೇ ಬೈಕು, ಒಂದು ಹೆಲ್ಮೆಟ್ಟು, ಕೂರಲು ಒಂದು ಮುರುಕು ಬೆಂಚು.

ಬೈಕಿನ ಬಲಗೈ ಹಿಡಿಯ ಮುಂದೆ ಮುಂದಿನ ಬ್ರೇಕಿನ ಲಿವರ್ ಇರುತ್ತದಲ್ಲ, ಅದನ್ನು ಗಂಡನ ಬಣ್ಣ ಒರೆಸುವ ಬಟ್ಟೆಯಿಂದ ಸುತ್ತಿ ಸುತ್ತಿ ಕಟ್ಟಿಬಿಡುತ್ತಿದ್ದರು. ಎಷ್ಟು ಹಿಂಡಿದರೂ ಅಲುಗಬಾರದು. "ಇದು ದೆವ್ವ" ಎನ್ನುತ್ತಿದ್ದರು ಪ್ರತಿ ಹೊಸ ಶಿಷ್ಯೆಗೆ. "ಕಟ್ಟಿಹಾಕಿದ್ದೀನಿ. ನೀವು ಬಿಚ್ಚಬೇಡಿ. ಬಲಗಾಲಲ್ಲಿ ಪೆಡಲ್ ಇದೆ, ಒತ್ತಿ, ನಿಲ್ಲುತ್ತೆ." ಯಾರಾದರೂ ಸೈಕಲ್ ತುಳಿದ ಅಭ್ಯಾಸದಿಂದ ಬೆರಳು ಚಾಚಿದರೆ ಗೆಣ್ಣಿನ ಮೇಲೆ ಚಟ್ ಎಂದು ಒಂದು ಏಟು. ಬ್ಯಾಂಕಿನ ಮ್ಯಾನೇಜರಾದರೂ ಅಷ್ಟೇ, ಹೂ ಮಾರುವವರಾದರೂ ಅಷ್ಟೇ.

ಅವರ ಹೆಮ್ಮೆಯ ಮಾತು ಒಂದಿತ್ತು: "ನನ್ನ ಅಂಗಳದಲ್ಲಿ ಇವತ್ತಿನತನಕ ಒಬ್ಬರೂ ಬಿದ್ದಿಲ್ಲ."

ಸುಳ್ಳಲ್ಲ. ಅಂಗಳದ ವೇಗ ಎಷ್ಟು? ವಾಕಿಂಗ್ ಹೊರಟ ಅಜ್ಜ ಹಿಂದೆ ಹಾಕಬಹುದಾದಷ್ಟು. ಆ ವೇಗದಲ್ಲಿ, ಹ್ಯಾಂಡಲ್ ತಿರುಗಿಸಿರುವಾಗ, ಹೊಸಬರು ಮುಂದಿನ ಬ್ರೇಕನ್ನು ಗಕ್ಕನೆ ಹಿಡಿದರೆ ಗಾಡಿ ವಾಲುವುದು ನಿಜ. ಬಟ್ಟೆ ಕಟ್ಟಿದ್ದರಿಂದ ಅದು ತಪ್ಪಿತು. ಟೀಚರಮ್ಮನಿಗೆ ಅದೇ ಸಾಕ್ಷಿಯಾಯಿತು. ಆದರೆ ಶಿಷ್ಯೆಯರು ಅಂಗಳದಲ್ಲೇ ಬಾಳುವೆ ಮಾಡುವವರಲ್ಲ. ಲೈಸೆನ್ಸ್ ತೆಗೆದುಕೊಂಡು ಬಸ್ಸು ಲಾರಿಗಳ ನಡುವೆ ಹೋದರು. ಅವರ ಸ್ವಂತ ಗಾಡಿಗೆ ಬಟ್ಟೆ ಕಟ್ಟಿರಲಿಲ್ಲ, ನಿಜ. ತಲೆಯೊಳಗೆ ಕಟ್ಟಿತ್ತು.

ಆ ಶಿಷ್ಯೆಯರಲ್ಲಿ ಒಬ್ಬಳು ಟೀಚರ ನಾದಿನಿ, ಗಂಡನ ಕೊನೆಯ ತಂಗಿ. ಮನೆಯಲ್ಲಿ ಅವಳಿಗೆ ಗಿಣಿ ಎಂದೇ ಹೆಸರು. ಚಿಕ್ಕವಳಿದ್ದಾಗ ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸುತ್ತಿದ್ದಳಂತೆ; ದೊಡ್ಡವಳಾದ ಮೇಲೂ ಆ ಬುದ್ಧಿ ಹೋಗಲಿಲ್ಲ. ಲ್ಯಾಬೊಂದರಲ್ಲಿ ಕೆಲಸ. ಎದ್ದು ಓಡಾಡಲಾಗದ ಹಿರಿಯರ ಮನೆಗೆ ಬೆಳಿಗ್ಗೆ ಬೆಳಿಗ್ಗೆ ಹೋಗಿ ರಕ್ತದ ಮಾದರಿ ತೆಗೆದು ತರುವುದು. ಬೈಕಿನ ಹಿಂದಿನ ಸೀಟಿಗೆ ಐಸ್ ಡಬ್ಬ ಕಟ್ಟಿಕೊಂಡು ಊರೆಲ್ಲ ಸುತ್ತುತ್ತಿದ್ದಳು. "ಆ ಹುಡುಗಿ ಬಂದರೆ ಮಾತ್ರ ಚುಚ್ಚಿಸಿಕೊಳ್ತೀನಿ" ಎಂದು ಹಟ ಹಿಡಿದು ಖಾಲಿ ಹೊಟ್ಟೆಯಲ್ಲಿ ಕಾಯುವ ಅಜ್ಜಿಯರಿದ್ದರು. ಅವಳು ಮಾತಾಡುತ್ತ ಮಾತಾಡುತ್ತ ಸೂಜಿ ಹಾಕಿ ತೆಗೆದಿರುತ್ತಿದ್ದಳು. ಅವರು ಇನ್ನೂ ಕಣ್ಣು ಮುಚ್ಚಿಕೊಂಡು "ಆಯ್ತಾ, ಚುಚ್ಚು" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಮರ ಕೊಯ್ಯುವ ಮಿಲ್ಲಿನ ಗೇಟಿನಿಂದ ಲಾರಿಯೊಂದು ರಿವರ್ಸಿನಲ್ಲಿ ರಸ್ತೆಗೆ ಬಂತು. ಗಿಣಿ ಅದೇ ರಸ್ತೆಯಲ್ಲಿ ಬರುತ್ತಿದ್ದಳು. ಗಾಡಿ ಜಾರಿಕೊಂಡು ಹೋಗಿ ಲಾರಿಯ ಹಿಂಭಾಗಕ್ಕೆ ಬಡಿಯಿತು. ಬಲಗಾಲಿನ ಮಂಡಿ ಪುಡಿಯಾಯಿತು.

ಆಸ್ಪತ್ರೆಯಲ್ಲಿ ಟೀಚರ್ ಅವಳ ತಲೆ ಸವರುತ್ತ ಕೇಳಿದರು. "ಏನಾಯ್ತೇ?"

"ಗೊತ್ತಿಲ್ಲ ಅತ್ತಿಗೆ. ಲಾರಿ ಕಂಡಿದ್ದು ನೆನಪಿದೆ. ಆಮೇಲೆ ಏನೂ ಇಲ್ಲ."

"ಮುಂದಿನದು ಹಿಡಿದುಬಿಟ್ಟಿರ್ತೀಯ."

"ಹಿಡಿದೆನಾ?"

"ಹಿಡೀದೇ ಇದ್ದಿದ್ರೆ ಹೀಗಾಗ್ತಿತ್ತಾ? ಗಾಬರೀಲಿ ಮುಟ್ಟಿಬಿಟ್ಟಿದ್ದೀಯ. ಹೋಗ್ಲಿ ಬಿಡು, ಜೀವ ಉಳೀತಲ್ಲ."

ನೋಡಿ ಇದನ್ನು. ಕುಣಿಯಲಾರದವರು ನೆಲ ಡೊಂಕು ಎನ್ನುವುದನ್ನು ಕೇಳಿದ್ದೇವೆ. ಇಲ್ಲಿ ಕುಣಿಸಿದವರೇ ಕುಣಿದವಳ ಮೇಲೆ ತಪ್ಪು ಹೊರಿಸಿದರು. ಅದೂ ಪ್ರೀತಿಯಿಂದ, ತಲೆ ಸವರುತ್ತ. ನೆನಪು ಖಾಲಿಯಾಗಿದ್ದ ಜಾಗದಲ್ಲಿ ಗಿಣಿ ಅತ್ತಿಗೆಯ ಮಾತನ್ನು ತಂದಿಟ್ಟುಕೊಂಡಳು. ತಿಂಗಳು ಕಳೆಯುವುದರೊಳಗೆ ಅದು ಅವಳದೇ ನೆನಪಾಯಿತು. ನೋಡಲು ಬಂದವರಿಗೆಲ್ಲ ಅವಳೇ ಹೇಳತೊಡಗಿದಳು: "ಅತ್ತಿಗೆ ಅಷ್ಟು ಬಡಕೊಂಡಿದ್ರು. ನಾನೇ ಮುಟ್ಟಿಬಿಟ್ಟೆ."

ಮಹಡಿ ಹತ್ತಲಾಗದೆಂದು ಊಟದ ಕೋಣೆಯನ್ನೇ ಅವಳಿಗೆ ಬಿಟ್ಟುಕೊಟ್ಟರು. ಊಟದ ಮೇಜು ಹಜಾರಕ್ಕೆ ಬಂತು. ಊರುಗೋಲು ಹಿಡಿದು ನಡೆಯುವಂತಾದ ಮೇಲೆ ಲ್ಯಾಬಿನವರು ಅವಳಿಗೆ ಒಳಗಿನ ಕೋಣೆಯಲ್ಲಿ ಕೆಲಸ ಕೊಟ್ಟರು: ಬೇರೆಯವರು ತಂದ ಟ್ಯೂಬುಗಳಿಗೆ ಚೀಟಿ ಅಂಟಿಸುವುದು. ಮಾತು ಕಡಿಮೆಯಾಯಿತು. ಅತ್ತಿಗೆ ತಟ್ಟೆ ತಂದಿಟ್ಟರೆ, ಸ್ನಾನಕ್ಕೆ ನೀರು ಬಿಟ್ಟರೆ, "ನನ್ನಿಂದ ನಿಮಗೆ ಎಷ್ಟು ತೊಂದರೆ ಅತ್ತಿಗೆ" ಎನ್ನುವುದೊಂದು ಉಳಿಯಿತು. "ಸುಮ್ನಿರೇ" ಎನ್ನುತ್ತಿದ್ದರು ಟೀಚರ್, ದೊಡ್ಡ ಮನಸ್ಸಿನಿಂದ.

ಇನ್ನೂ ಒಂದು ಮಾಡಿದರು. ಬರೆಯಲು ನನಗೇ ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ನಾದಿನಿಯ ಕಾಲನ್ನು ಪಾಠ ಮಾಡಿಕೊಂಡರು. ಹೊಸ ಶಿಷ್ಯೆಯರಿಗೆ ಲಿವರಿಗೆ ಕಟ್ಟಿದ ಬಟ್ಟೆ ತೋರಿಸುತ್ತ, "ನನ್ನ ನಾದಿನಿ ಇದ್ದಾಳೆ ಮನೇಲಿ. ಒಂದೇ ಒಂದು ಸಲ ಇದನ್ನ ಮುಟ್ಟಿದಳು. ಈಗ ಊರುಗೋಲು" ಎನ್ನುತ್ತಿದ್ದರು. ಶಿಷ್ಯೆಯರು ಅಯ್ಯೋ ಎಂದು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಹಾಕಿದ್ದಲ್ಲದೆ, ಆ ಬರೆಯನ್ನು ತೋರಿಸಿ ಮಂದೆಗೆಲ್ಲ ಬುದ್ಧಿ ಹೇಳಿದ ಹಾಗೆ.

ಹೀಗಿರುವಾಗ ಎದುರು ರಸ್ತೆಯಲ್ಲಿ ಹೊಸದೊಂದು ಡ್ರೈವಿಂಗ್ ಶಾಲೆ ಬಂತು. ಹೊಳೆಯುವ ಬೋರ್ಡು.

"ನೋಡಿದ್ಯಾ?" ಎಂದರು ಗಂಡ, ವೃತ್ತಿಯ ಹೊಟ್ಟೆಕಿಚ್ಚಿನಿಂದ. "ಬೈಕ್ ಮಲಗಿಸ್ಕೊಂಡು ಮೊಣಕಾಲು ನೆಲಕ್ಕೆ ತಾಗಿಸ್ಕೊಂಡು ಹೋಗ್ತಿದ್ದಾನೆ ಒಬ್ಬ."

"ಅದು ಎಲ್ಲಿಂದಲೋ ಎತ್ತಿದ ಚಿತ್ರ ರೀ. ಅವರ ಮೇಷ್ಟ್ರು ಸ್ಕೂಟರ್ ಸ್ಟ್ಯಾಂಡ್ ಹಾಕೋದಕ್ಕೇ ಏದುಸಿರು ಬಿಡ್ತಾರೆ."

"ಜನಕ್ಕೆ ಗೊತ್ತಾಗುತ್ತಾ? ನಾವೂ ಒಂದು ಹಾಕೋಣ. ನಿಜವಾದದ್ದು."

ಊರಾಚೆಯ ರೇಸ್ ಟ್ರ್ಯಾಕಿನ ಗೋಡೆಗಳಿಗೆ ಗಂಡ ಬಣ್ಣ ಹೊಡೆದಿದ್ದರು. ಕೆಲವು ಭಾನುವಾರ ಅಲ್ಲಿ ಟ್ರ್ಯಾಕ್ ಡೇ ಎಂದು ನಡೆಸುತ್ತಾರೆ. ರೇಸಿನವರಲ್ಲದ ಸಾಮಾನ್ಯರು ತಮ್ಮ ಬೈಕು ತಂದು, ಕೋಚ್ ಒಬ್ಬರ ಕೈಕೆಳಗೆ ಇಡೀ ದಿನ ಓಡಿಸುವುದನ್ನು ತಿದ್ದಿಕೊಳ್ಳಬಹುದು. ಬಣ್ಣದ ಪರಿಚಯದ ಮೇಲೆ ಹೆಂಡತಿಗೆ ಒಂದು ಜಾಗ ಹಿಡಿದರು. ಕಲಿಯಲಿಕ್ಕಲ್ಲ. ಫೋಟೋಗೆ.

ಹೊರಡುವಾಗ ಗಿಣಿ ಬಾಗಿಲ ಹತ್ತಿರ ಬಂದು ನಿಂತಳು. "ಅವರಿಗೆ ತೋರಿಸಿ ಬನ್ನಿ ಅತ್ತಿಗೆ, ನೀವು ಯಾರು ಅಂತ. ಆಮೇಲೆ... ನನ್ನ ಥರ ಗಾಬರಿ ಆಗ್ಬೇಡಿ."

ಟ್ರ್ಯಾಕಿನಲ್ಲಿ ಮೊದಲು ಗಾಡಿಗಳ ತಪಾಸಣೆ. ಮೆಕ್ಯಾನಿಕ್ ಒಬ್ಬ ಟೈರು ಒತ್ತಿ, ಚೈನು ಎಳೆದು, ಹ್ಯಾಂಡಲ್ ಹತ್ತಿರ ಬಂದವನು ನಿಂತುಬಿಟ್ಟ.

"ಇದಕ್ಕೇನ್ ಮೇಡಂ, ಕೈ ಉಳುಕಿದೆಯಾ? ಬ್ಯಾಂಡೇಜ್ ಹಾಕಿದ್ದೀರಿ."

"ಶಾಲೆ ಗಾಡಿ ಅದು. ಕಲಿಯೋರು ಮುಟ್ಟಬಾರದು ಅಂತ."

"ಓಹೋ. ಅಡುಗೆ ಕಲಿಯೋರು ಒಲೆ ಮುಟ್ಟಬಾರದು ಅನ್ನೋ ಥರ." ಕತ್ತರಿ ತಂದು ಬಟ್ಟೆ ಕತ್ತರಿಸಿದ, ಕೇಬಲ್ಲಿಗೆ ಎಣ್ಣೆ ಬಿಟ್ಟ, ಲಿವರನ್ನು ಹಿಂಡಿ ಹಿಂಡಿ ಬಿಗಿ ಸರಿಮಾಡಿದ. ಸುತ್ತ ನಿಂತಿದ್ದ ಚರ್ಮದ ಸೂಟಿನ ಯುವಕರು ನಕ್ಕರು. ಟೀಚರ್ ಕೂಡ ನಕ್ಕರು. ನಗಲಿ, ಆಮೇಲೆ ನೋಡಿಕೊಳ್ಳುತ್ತೇನೆ ಎನ್ನುವ ನಗು.

ಕೋಚ್ ನರೆತ ಗಡ್ಡದ ಮನುಷ್ಯ, ಕೊರಳಲ್ಲಿ ಸೀಟಿ. ಹಿಂದೆ ರೇಸ್ ಓಡಿಸುತ್ತಿದ್ದವರು. ಸೂಟಿನ ಯುವಕನೊಬ್ಬ ಕೇಳಿದ: "ಕೋಚ್, ಮೊಣಕಾಲು ತಾಗಿಸೋದು ಯಾವಾಗ?"

"ಮೊದಲು ನಿಲ್ಲೋದು ಕಲಿ ಮಾರಾಯ. ಓಡೋದು ನಿಮ್ಮಪ್ಪ ಪೆಟ್ರೋಲ್ ಹಾಕ್ಸಿದ್ರೆ ತಾನಾಗೇ ಬರುತ್ತೆ."

ನೇರವಾದ ಟ್ರ್ಯಾಕಿನಲ್ಲಿ ಕಿತ್ತಳೆ ಬಣ್ಣದ ಕೋನುಗಳನ್ನು ಇಟ್ಟಿದ್ದರು. ಪೇಟೆ ರಸ್ತೆಯ ವೇಗದಲ್ಲಿ ಬರಬೇಕು, ಮೊದಲನೇ ಕೋನಿನ ಹತ್ತಿರ ಬ್ರೇಕ್ ಹಿಡಿಯಬೇಕು, ಕೊನೆಯದಕ್ಕೆ ಮುಂಚೆ ನಿಲ್ಲಬೇಕು. ಟೀಚರ್ ಬಂದರು. ಇಷ್ಟು ವರ್ಷ ಕಲಿಸಿದಂತೆಯೇ ಬಲಗಾಲಿನಲ್ಲಿ ಪೆಡಲನ್ನು ಒತ್ತಿ ತುಳಿದರು. ಹಿಂದಿನ ಚಕ್ರ ತಿರುಗದೆ ಕಚ್ಚಿಕೊಂಡು ಕಿರುಚಿತು. ಗಾಡಿ ನಿಲ್ಲಲಿಲ್ಲ. ಬಾಲ ಆಡಿಸುತ್ತ, ಕೊನೆಯ ಕೋನನ್ನೂ ದಾಟಿ, ಟ್ರ್ಯಾಕಿನಂಚಿನ ಹುಲ್ಲಿನ ತನಕ ಜಾರಿಕೊಂಡು ಹೋಗಿ ನಿಂತಿತು.

ಕೋಚ್ ನಡೆದು ಬಂದರು. "ಮೇಡಂ, ಮುಂದಿನ ಬ್ರೇಕ್ ಕೆಲಸ ಮಾಡ್ತಿಲ್ವಾ?"

"ನಾನು ಅದನ್ನ ಮುಟ್ಟಲ್ಲ. ನೋಡಿ, ಬಿದ್ದೆನಾ? ಇಲ್ವಲ್ಲ."

"ಬಿದ್ದಿಲ್ಲ. ನಿಂತೂ ಇಲ್ಲ. ಆ ಕೊನೇ ಕೋನ್ ಇದ್ದಲ್ಲಿ ಒಂದು ಲಾರಿ ಇದೆ ಅಂದ್ಕೊಳ್ಳಿ."

ಅವರು ಬಾಯಿಮಾತಿಗೆ ಲಾರಿ ಎಂದಿದ್ದರು. ಬಸ್ಸು ಎನ್ನಬಹುದಿತ್ತು, ಗೋಡೆ ಎನ್ನಬಹುದಿತ್ತು. ಟೀಚರ್ ಆ ಕೋನಿನ ಕಡೆ ತಿರುಗಿ ನೋಡಿದರು.

ಕೋಚ್ ಬಿಡಲಿಲ್ಲ. "ಬಸ್ಸಲ್ಲಿ ನಿಂತಿದ್ದೀರಿ. ಡ್ರೈವರ್ ಬ್ರೇಕ್ ಹಾಕಿದ. ಯಾವ ಕಡೆ ಬೀಳ್ತೀರಿ?"

"ಮುಂದಕ್ಕೆ."

"ಗಾಡಿ ಭಾರಾನೂ ಹಾಗೇ ಮುಂದಕ್ಕೆ ಬೀಳುತ್ತೆ. ಮುಂದಿನ ಚಕ್ರ ನೆಲ ಕಚ್ಚುತ್ತೆ, ಹಿಂದಿನದು ಹಗುರ ಆಗುತ್ತೆ. ನೀವು ಆ ಹಗುರ ಆದದ್ದನ್ನೇ ತುಳಿದು ಕೂತಿದ್ದೀರಿ. ಜಾರದೆ ಏನ್ಮಾಡುತ್ತೆ? ಎರಡೂ ಹಿಡೀರಿ. ಮುಂದಿನದನ್ನ ನಿಂಬೆಹಣ್ಣು ಹಿಂಡೋ ಹಾಗೆ: ಮೊದಲು ಮೆಲ್ಲಗೆ, ರಸ ಬರೋಕೆ ಶುರುವಾದ ಮೇಲೆ ಬಿಗಿಯಾಗಿ. ಗಾಡಿ ಮಾತ್ರ ನೆಟ್ಟಗಿರಲಿ."

ಎರಡನೇ ಸಲ ಬೆರಳುಗಳು ಮಾತು ಕೇಳಲಿಲ್ಲ. ಲಿವರಿನ ಹತ್ತಿರ ಹೋಗಿ ಮರಗಟ್ಟಿ ನಿಂತವು. ಬೇರೆಯವರ ಗೆಣ್ಣಿಗೆ ಕೊಟ್ಟ ಏಟುಗಳೆಲ್ಲ ಒಟ್ಟಾಗಿ ಅವರ ಗೆಣ್ಣಿಗೇ ಬಂದು ಕೂತ ಹಾಗೆ. ಮೂರನೇ ಸಲ ಬೆರಳುಗಳು ತುಸು ಮಡಚಿದವು. ಆಮೇಲೆ ಇನ್ನಷ್ಟು. ಊಟದ ಹೊತ್ತಿಗೆ ಗಾಡಿ ಕೊನೆಯ ಕೋನಿಗೆ ಬಹಳ ಮುಂಚೆಯೇ, ಮೂಗು ತುಸು ತಗ್ಗಿಸಿ, ಯಾವ ಸದ್ದೂ ಇಲ್ಲದೆ ನಿಂತಿತು. ಬೆಳಿಗ್ಗೆ ನಕ್ಕಿದ್ದ ಯುವಕರು ಚಪ್ಪಾಳೆ ಹೊಡೆದರು.

ಟೀಚರ್ ಚಪ್ಪಾಳೆಗೆ ತಿರುಗಲಿಲ್ಲ. ಗಾಡಿ ಸ್ಟ್ಯಾಂಡ್ ಹಾಕಿ, ಬೆಳಗಿನ ತಮ್ಮ ಜಾರಾಟದ ಗುರುತಿದ್ದಲ್ಲಿಗೆ ನಡೆದು ಹೋದರು. ಡಾಂಬರಿನ ಮೇಲೆ ಉದ್ದನೆಯ ಕಪ್ಪು ಗೆರೆ. ಕೋಚನ್ನು ಕೂಗಿದರು.

"ಇದು ನಾನು ಎಳೆದದ್ದಾ?"

"ನಿಮ್ಮದೇ. ಹಿಂದಿನ ಚಕ್ರ ಕಚ್ಚಿಕೊಂಡಿದೆ, ನೀವು ಕೊನೇತನಕ ಪೆಡಲ್ ಬಿಟ್ಟಿಲ್ಲ. ಗೆರೇನೇ ಹೇಳುತ್ತೆ."

"ಮುಂದಿನದು ಹಿಡಿದು ಬಿದ್ದವರದ್ದು ಹೇಗಿರುತ್ತೆ?"

"ಮುಂದಿನ ಚಕ್ರ ಕಚ್ಚಿಕೊಂಡು ಜಾರಿದ್ರೆ ಗಾಡಿ ಅಲ್ಲೇ ಮಲಗುತ್ತೆ. ಇಷ್ಟುದ್ದ ಗೆರೆ ಎಳೆಯೋಕೆ ಪುರುಸೊತ್ತು ಎಲ್ಲಿ ಕೊಡುತ್ತೆ? ಯಾಕೆ ಕೇಳಿದ್ರಿ?"

ಇಂಥದೇ ಗೆರೆಯನ್ನು ಟೀಚರ್ ನೋಡಿದ್ದರು. ಮಿಲ್ಲಿನ ಗೇಟಿನ ಮುಂದೆ. ಲಾರಿ ನಿಂತಿದ್ದ ಜಾಗದ ತನಕ, ಉದ್ದಕ್ಕೆ, ಕಪ್ಪಾಗಿ. ಅಪಘಾತದ ಮರುದಿನ ನೋಡಿದ್ದರು, ಮರದ ಹೊಟ್ಟು ಅದರ ಮೇಲೆ ಕೂತಿತ್ತು. ಆಮೇಲೆ ವಾರಗಟ್ಟಲೆ ಅದರ ಮೇಲೆಯೇ ಗಾಡಿ ಓಡಿಸಿಕೊಂಡು ಅಂಗಳಕ್ಕೆ ಹೋಗಿದ್ದರು, ಹೋಗಿ, ನಾದಿನಿ ಮುಂದಿನ ಬ್ರೇಕ್ ಮುಟ್ಟಿದ ಕಥೆ ಹೇಳಿದ್ದರು. ಗಿಣಿ ಮುಟ್ಟಿರಲಿಲ್ಲ. ಲಾರಿ ಮೈಮೇಲೆ ಬರುವವರೆಗೂ ಅತ್ತಿಗೆ ಹೇಳಿದ್ದನ್ನೇ, ಹೇಳಿದ ಹಾಗೇ, ಮಾಡಿದ್ದಳು.

ಮಧ್ಯಾಹ್ನ ತಿರುವುಗಳ ಪಾಠ. ಕೋಚ್ ಮುಂದೆ, ಅವರು ಹಿಂದೆ. ಎಲ್ಲಿ ನೋಡಬೇಕು, ಎಲ್ಲಿ ವಾಲಬೇಕು, ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಿರಬೇಕು. ಹೇಳಿದ್ದೆಲ್ಲ ಚೆನ್ನಾಗಿ ಮಾಡಿದರಂತೆ. "ಏನು ಮಾಡಿದೆ ಅಂತ ಕೇಳಿದ್ರೆ ಗೊತ್ತಿಲ್ಲ" ಎಂದರು ನನ್ನ ಹತ್ತಿರ. ಕೊನೆಗೆ ಫೋಟೋ ತೆಗೆದರು. ಹೆಲ್ಮೆಟ್ ಕಂಕುಳಲ್ಲಿ, ಹಿಂದೆ ಟ್ರ್ಯಾಕು. ಆ ಫೋಟೋ ನಾನೂ ನೋಡಿದ್ದೇನೆ. ಗೆದ್ದು ಬಂದವರ ಮುಖ ಹಾಗಿರುವುದಿಲ್ಲ.

ಮನೆಯಲ್ಲಿ ಗಿಣಿ ಕಾಯುತ್ತಿದ್ದಳು. "ಹೇಗಿತ್ತು ಅತ್ತಿಗೆ?"

"ಚೆನ್ನಾಗಿತ್ತು."

"ತೋರಿಸಿದ್ರಾ ಅವರಿಗೆ?"

"ಹೂಂ."

ಅಷ್ಟೇ. ಬಿಸಿ ತುಪ್ಪ, ನುಂಗಲೂ ಇಲ್ಲ, ಉಗುಳಲೂ ಇಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡರು. ನಾಳೆ ಬಂತು, ಅಂಗಳಕ್ಕೆ ಹೋದರು. ಹೊಸ ಶಿಷ್ಯೆ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವರು, ಬಂದು ನಿಂತಿದ್ದರು. ಟೀಚರ ಕೈ ತಾನಾಗೇ ಚೀಲಕ್ಕೆ ಹೋಗಿ ಬಣ್ಣದ ಬಟ್ಟೆ ತೆಗೆಯಿತು. ಕಟ್ಟಿತು. ಗಮನಿಸಿ: ಗೊತ್ತಾದ ಮೇಲೆ ಕಟ್ಟಿತು.

"ಇದ್ಯಾಕೆ ಟೀಚರ್ ಕಟ್ತಿದ್ದೀರಿ?"

"ಇದು ದೆವ್ವ. ನನ್ನ ನಾದಿನಿ ಇದ್ದಾಳೆ ಮನೇಲಿ. ಒಂದೇ ಒಂದು ಸಲ..."

ಅಲ್ಲಿಗೆ ನಾಲಗೆ ನಿಂತಿತು. ಶಿಷ್ಯೆ ಕೇಳಿದರು. "ಒಂದು ಸಲ ಏನು ಟೀಚರ್?"

"ಇವತ್ತು ಪಾಠ ಬೇಡ. ಮನೆಗೆ ಹೋಗಿ."

ಮುರುಕು ಬೆಂಚಿನ ಮೇಲೆ ಒಬ್ಬರೇ ಕೂತರು. ತಪ್ಪು ಗೊತ್ತಿಲ್ಲದೆ ಮಾಡುವುದು ಬೇರೆ. ಗೊತ್ತಾಗಿಯೂ ಬಾಯಿ ಹಳೇ ದಾರಿಯಲ್ಲೇ ನಡೆಯಿತಲ್ಲ, ಅದು ಅವರನ್ನು ಹೆದರಿಸಿತು. ಹೇಳದಿದ್ದರೆ ನಾಳೆಯೂ ಕಟ್ಟುತ್ತೇನೆ ಎಂದು ಅವರಿಗೆ ಅರ್ಥವಾಯಿತು.

ಮನೆಗೆ ಬಂದಾಗ ಗಂಡ ಹಜಾರದಲ್ಲಿ ಹೊಸ ಬೋರ್ಡು ಒರಗಿಸಿಕೊಂಡು ಅಕ್ಷರ ತುಂಬುತ್ತಿದ್ದರು. ಎಲ್ಲ ಕೇಳಿ ಕುಂಚ ಕೆಳಗಿಟ್ಟರು. ತಂಗಿಯ ಕೋಣೆಯ ಬಾಗಿಲ ಕಡೆ ನೋಡಿದರು. ಅವಳಿನ್ನೂ ಲ್ಯಾಬಿನಿಂದ ಬಂದಿರಲಿಲ್ಲ.

"ಹೇಳಿದ್ರೆ ಅವಳ ಕಾಲು ಬರುತ್ತಾ?"

"ಬರಲ್ಲ."

"ಶಾಲೆ ಉಳಿಯುತ್ತಾ?"

"ಗೊತ್ತಿಲ್ಲ."

"ಮತ್ತೆ? ಇನ್ಮೇಲೆ ಸರಿಯಾಗಿ ಕಲಿಸು. ಆಗಿದ್ದು ಆಗಿಹೋಯ್ತು. ಅವಳು ಹೇಗೋ ಒಪ್ಪಿಕೊಂಡು ಇದ್ದಾಳೆ. ಹುಣ್ಣು ಮಾಗಿದ ಮೇಲೆ ಯಾಕೆ ಕೆರೀತೀಯ?"

"ಮಾಗಿಲ್ಲ ರೀ. ದಿನಾ ನನ್ನ ಹತ್ರ ಕ್ಷಮೆ ಕೇಳ್ತಾಳೆ. ನಾನು ದಿನಾ ಕೊಡ್ತೀನಿ."

ಯಜಮಾನರು ಮತ್ತೆ ಕುಂಚ ಎತ್ತಲಿಲ್ಲ.

ಆ ಗಂಡನ ಮಾತನ್ನು ಓದಿ ತಲೆಯಾಡಿಸಿದಿರಾ? ಆಡಿಸಿರುತ್ತೀರಿ. ಇನ್ನೊಬ್ಬರ ಹುಣ್ಣು ಮಾಗಿತೆಂದು ಹೇಳುವುದರಲ್ಲಿ ನಾವೆಲ್ಲ ವೈದ್ಯರೇ.

ಸಂಜೆ ಗಿಣಿ ಬಂದು ಊರುಗೋಲನ್ನು ಮಂಚಕ್ಕೆ ಒರಗಿಸಿ, ಬೆರಳಿಗೆ ಅಂಟಿದ ಚೀಟಿಯ ಗೋಂದು ಉಜ್ಜುತ್ತ ಕೂತಾಗ ಟೀಚರ್ ಒಳಗೆ ಹೋದರು. ಕುರ್ಚಿ ಎಳೆದುಕೊಳ್ಳಲಿಲ್ಲ. ನಿಂತೇ ಹೇಳಿದರು. ಕೋನು, ಗೆರೆ, ಬಸ್ಸಿನ ಉದಾಹರಣೆ, ಮಿಲ್ಲಿನ ಗೇಟು, ಅವಳ ಕಾಲಿನ ಕಥೆ ಹೇಳಿ ಮಾಡಿದ ಪಾಠ, ಎಲ್ಲ. ಗಿಣಿ ಗೋಂದು ಉಜ್ಜುವುದನ್ನು ನಿಲ್ಲಿಸಿದಳು.

"ಹಾಗಾದ್ರೆ ನಾನು ಮುಂದಿನದು ಮುಟ್ಟಿಲ್ಲ?"

"ಮುಟ್ಟಿಲ್ಲ."

"ನೀವು ಹೇಳಿದ ಹಾಗೇ ಮಾಡಿದೆ?"

"ಹೂಂ."

"ಅದಕ್ಕೇ ಲಾರಿಗೆ ಹೊಡೆದೆ?"

ಟೀಚರ್ ಹೌದೆಂದು ತಲೆಯಾಡಿಸಿದರು.

ಗಿಣಿ ನಕ್ಕಳು. ಚೆನ್ನಾಗಿರಲಿಲ್ಲ ಆ ನಗು. "ಹಾಸಿಗೆ ಮೇಲೆ ಮಲಗಿ ಎಷ್ಟು ಸಲ ನನ್ನ ಬಲಗೈ ನೋಡ್ಕೊಂಡಿದ್ದೀನಿ ಗೊತ್ತಾ ಅತ್ತಿಗೆ? ಈ ಕೈಯೇ ಹೀಗೆ ಮಾಡಿದ್ದು ಅಂತ. ಅಜ್ಜಿಯರಿಗೆ ಸೂಜಿ ಹಾಕ್ತಿದ್ದ ಕೈ. ಲ್ಯಾಬಿನವರು ಒಳಗೆ ಕೂತೇ ಸೂಜಿ ಹಾಕು, ಅಲ್ಲಿಗೇ ಬರೋರಿಗೆ ಅಂದ್ರು. ನಾನೇ ಒಲ್ಲೆ ಅಂದೆ. ಗಾಬರಿಯಾದ್ರೆ ಈ ಕೈ ಏನು ಮಾಡುತ್ತೋ ನಂಬೋಕಾಗಲ್ಲ ಅಂದೆ."

ಇದು ಟೀಚರಿಗೆ ಗೊತ್ತಿರಲಿಲ್ಲ. ಲ್ಯಾಬಿನವರೇ ಅವಳನ್ನು ಮೂಲೆಗೆ ತಳ್ಳಿದರು ಎಂದು ಅವರು ಬೀದಿಯಲ್ಲೆಲ್ಲ ಬೈದುಕೊಂಡು ತಿರುಗಿದ್ದರು.

"ನನ್ನನ್ನ ಕ್ಷಮಿಸು ಗಿಣಿ."

"ಇಲ್ಲ." ಥಟ್ಟನೆ ಬಂತು. "ಈಗ ಕೇಳ್ಬೇಡಿ. ನನಗೆ ಟೈಮ್ ಬೇಕು. ಬರುತ್ತೋ ಇಲ್ವೋ ಅದೂ ಗೊತ್ತಿಲ್ಲ." ಊರುಗೋಲನ್ನು ಹತ್ತಿರ ಎಳೆದುಕೊಂಡಳು. "ನನ್ನ ಕಾಲು ತೋರಿಸಿ ಪಾಠ ಮಾಡಿದ್ರಲ್ಲ, ಅವರೆಲ್ಲ ಎಲ್ಲಿದ್ದಾರೆ ಈಗ?"

"ಎಲ್ಲಿ ಅಂದ್ರೆ... ಅವರವರ ಮನೇಲಿ, ಕೆಲಸದಲ್ಲಿ..."

"ರಸ್ತೆ ಮೇಲಿದ್ದಾರೆ ಅತ್ತಿಗೆ. ಆಫೀಸ್ ಬಿಡೋ ಹೊತ್ತು ಇದು. ನನಗೆ ಟೈಮ್ ಇದೆ, ಅವರಿಗಿಲ್ಲ. ಹೋಗಿ, ಫೋನ್ ಮಾಡಿ."

ಟೀಚರ್ ಹಜಾರದ ಊಟದ ಮೇಜಿಗೆ ಬಂದು ಕೂತು ಫೋನ್ ಎತ್ತಿದರು. ಎಲ್ಲರಿಗೂ ಒಂದೇ ಮಾತು: "ನಾನು ತಪ್ಪು ಕಲಿಸಿದ್ದೆ. ಎರಡೂ ಬ್ರೇಕ್ ಹಿಡಿಯಬೇಕು. ನಾಳೆಯಿಂದ ಅಂಗಳಕ್ಕೆ ಬನ್ನಿ, ಮತ್ತೆ ಕಲಿಸ್ತೀನಿ." ಒಬ್ಬರು ನಕ್ಕರು: "ಟೀಚರ್, ಇಷ್ಟು ದಿನ ಏನೂ ಆಗಿಲ್ಲವಲ್ಲ." ಒಬ್ಬರು ಬೈದು ಫೋನ್ ಇಟ್ಟರು. ಒಬ್ಬರ ನಂಬರು ಈಗ ಬೇರೆ ಯಾರದೋ. ಮತ್ತೊಬ್ಬರು ಸಣ್ಣ ದನಿಯಲ್ಲಿ ಹೇಳಿದರು: "ನಾನು ನನ್ನ ಇಬ್ಬರು ಹೆಣ್ಣುಮಕ್ಕಳಿಗೂ ಹಾಗೇ ಕಲಿಸಿದ್ದೀನಲ್ಲ ಟೀಚರ್. ದೊಡ್ಡವಳು ಅವಳ ಗೆಳತಿಯರಿಗೆ ಕಲಿಸಿದ್ದಾಳೆ." ಆ ಗೆಳತಿಯರು ಯಾರು, ಎಲ್ಲಿದ್ದಾರೆ, ಅವರು ಇನ್ಯಾರಿಗೆ ಹೇಳಿಕೊಟ್ಟರು, ಟೀಚರಿಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಕೋಣೆಯ ಬಾಗಿಲು ತೆರೆದೇ ಇತ್ತು. ಒಂದು ಕರೆ ಮುಗಿದು ಇನ್ನೊಂದಕ್ಕೆ ಅವರು ತಡಮಾಡಿದರೆ ಒಳಗಿನಿಂದ ಗಿಣಿಯ ದನಿ ಬರುತ್ತಿತ್ತು. "ಮುಂದೆ?"

ಈಗಲೂ ಅವರು ಕರೆಯುತ್ತಿದ್ದಾರೆ. ಕೆಲವರು ಬಂದು ಮತ್ತೆ ಕಲಿತರು. ಬಹಳ ಜನ ಬಂದಿಲ್ಲ. ಗಿಣಿ ಅತ್ತಿಗೆಯ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ. ಕ್ಷಮೆಯ ಮಾತು ಇನ್ನೂ ಆ ಮನೆಯಲ್ಲಿ ಬಂದಿಲ್ಲ. ಟೀಚರ್ ಅದನ್ನು ಕೇಳುವುದನ್ನೂ ಬಿಟ್ಟಿದ್ದಾರೆ. "ನನ್ನ ಕೈಗೆ ಸಿಗದವರು ಇದ್ದಾರಲ್ಲ, ಅವರ ಯೋಚನೆ ಹೋಗಲ್ಲ" ಎಂದರು. "ಯಾವುದಾದರೂ ಗಾಡಿ ಕಿರುಚಿ ನಿಂತ ಸದ್ದು ಕೇಳಿದ್ರೆ ಸಾಕು, ನನ್ನವರಾ ಅಂತ ಕಿಟಕಿ ಹತ್ರ ಓಡ್ತೀನಿ."

ಅವರ ಮಾತು ಅಲ್ಲಿಗಿರಲಿ, ನಿಮ್ಮದು ಹೇಳಿ. ನೀವು ಯಾರಿಗೆ ಗಾಡಿ ಕಲಿಸಿದ್ದೀರಿ? ತಮ್ಮನಿಗೆ? ಮಗಳಿಗೆ? ಹೆಂಡತಿಗೆ? ಆಫೀಸಿನಲ್ಲಿ ಪಕ್ಕದ ಮೇಜಿನವರಿಗೆ? ಕಲಿಸಿದ್ದು ನೆನಪಿದೆ, ಏನು ಹೇಳಿ ಕಲಿಸಿದಿರಿ ಎನ್ನುವುದೂ ನೆನಪಿದೆ. ಈ ಪುಟ ಮಡಚಬೇಡಿ. ಮೊದಲು ಅವರು ಗಾಡಿ ಮೇಲಿಲ್ಲ, ಎಲ್ಲಾದರೂ ಕೂತಿದ್ದಾರೆ ಎಂದು ಖಾತ್ರಿ ಮಾಡಿಕೊಂಡು ಅವರಿಗೆ ಫೋನ್ ಮಾಡಿ. ಬೇರೆ ಪೀಠಿಕೆ ಹಾಕಬೇಡಿ, "ನಾನು ತಪ್ಪು ಕಲಿಸಿದ್ದೆ" ಎಂದೇ ಶುರುಮಾಡಿ.